ಹೆಚ್ಚುತ್ತಾ ಹೋದ ಮಾಂಬಳ

ಪರಸ್ಪರ ನಂಬಿಕೆಯೇ ಸಮಾಜದ ತಳಹದಿ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಟೆರೇಸಿನ ಮೇಲೆ ಏನನ್ನಾದರೂ ಒಣಗಲು ಹಾಕಿ ಕೆಳಗಿಳಿದು ಬಂದವರಂತೆ ಕಾಣುವುದಿಲ್ಲ. ನಾನು ಹಾಗೆ ಬಂದವನು. ಆದ್ದರಿಂದ ಸಂಶಯದ ವಿಷಯದಲ್ಲಿ ನಾಲ್ಕು ಮಾತು ಆಡುವ ಅಧಿಕಾರ ನನಗಿದೆ. ಅಲ್ಲದೆ ಸಂಶಯ ನನ್ನ ಕಸುಬೂ ಆಗಿತ್ತು. ಕಾಪುವಿನ ಒಂದು ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದೆನೆಂದು ಬೀಳ್ಕೊಡುಗೆಯ ದಿನ ಭಾಷಣ ಮಾಡಿದರು. ಇತಿಹಾಸ ಎಷ್ಟು ಮಂದಿಗೆ ಹತ್ತಿತೋ ತಿಳಿಯದು. ನಾನು ಮನಸ್ಸಿಟ್ಟು ಮಾಡಿದ್ದು ಪರೀಕ್ಷೆಯ ಕೋಣೆಯಲ್ಲಿ ಚೀಟಿ ಹಿಡಿಯುವ ಕೆಲಸ. ಅಂಗಿಯ ತೋಳು, ಕಂಪಾಸು ಪೆಟ್ಟಿಗೆಯ ಅಡಿ, ನೀರಿನ ಬಾಟಲಿಯ ಲೇಬಲ್ಲಿನ ಒಳಮೈ, ಎಲ್ಲವನ್ನೂ ನೋಡಿದ ಕಣ್ಣು ಇದು. ನನ್ನನ್ನು ನಿವೃತ್ತಿ ಮಾಡಿ ಕಳುಹಿಸಿದರು, ಕಣ್ಣನ್ನು ಮಾಡಲಿಲ್ಲ. ಈಗ ಅದು ಅಲೆವೂರಿನ ಮನೆಯಲ್ಲಿ ಕುಳಿತು ಹಾಲಿನ ಪ್ಯಾಕೆಟ್ಟನ್ನೂ ಗ್ಯಾಸ್ ಸಿಲಿಂಡರನ್ನೂ ನೋಡುತ್ತಿರುತ್ತದೆ.

ನಮ್ಮ ಬಾವಿಯ ಪಕ್ಕದಲ್ಲಿ ಒಂದು ಕಾಟುಮಾವಿನ ಮರವಿದೆ. ಹಣ್ಣು ನಿಂಬೆಗಿಂತ ತುಸು ದೊಡ್ಡದು, ಒಳಗೆ ಗೊರಟು ಮತ್ತು ನಾರು, ನಡುವೆ ಸಿಕ್ಕಿಬಿದ್ದಷ್ಟು ರಸ. ಆದರೆ ಆ ರಸದಿಂದ ಮಾಂಬಳ ಮಾಡಿದರೆ ಅದಕ್ಕೆ ಸಮಾನವಾದದ್ದು ಬೇರೊಂದಿಲ್ಲ. ಹಣ್ಣನ್ನು ಹಿಂಡಿ, ಬಟ್ಟೆಯಲ್ಲಿ ಸೋಸಿ, ರಸವನ್ನು ಚಾಪೆಯ ಮೇಲೆ ಹರಡಿ ಬಿಸಿಲಿಗೆ ಇಡುವುದು. ಮರುದಿನ ಒಣಗಿದ್ದರ ಮೇಲೆಯೇ ಇನ್ನೊಂದು ಪದರ. ಹೀಗೆ ಹತ್ತು ಹನ್ನೊಂದು ದಿನ ಹಾಕಿದರೆ ಚರ್ಮದಂತೆ ಎದ್ದು ಬರುತ್ತದೆ. ಕತ್ತರಿಸಿ ಡಬ್ಬಿಯಲ್ಲಿಟ್ಟರೆ ಮಳೆಗಾಲವಿಡೀ ಬಾಯಿಗೆ ಕೆಲಸ. ನನ್ನ ಹೆಂಡತಿ ವಾರಿಜ ಇದನ್ನು ಪ್ರತಿ ವರ್ಷ ಮಾಡುತ್ತಾಳೆ. ಈ ಮೇ ತಿಂಗಳಲ್ಲಿ ಮೊದಲ ಪದರ ಹರಡಿದ ದಿನವೇ ಕಾರ್ಕಳದಲ್ಲಿ ಅವಳ ಅಕ್ಕ ಜಾರಿಬಿದ್ದು ಕಾಲು ಮುರಿದುಕೊಂಡರು. ವಾರಿಜ ಹೊರಡುವಾಗ, ದಿನಕ್ಕೊಂದು ಪದರ ಹಾಕಬೇಕು, ಕಾಗೆ ಬಾರದಂತೆ ಮೇಲೆ ಹಳೆಯ ಸೊಳ್ಳೆಪರದೆ ಕಟ್ಟಬೇಕು, ಅಷ್ಟೇ ಎಂದಳು. ಗೇಟಿನ ಬಳಿ ತಿರುಗಿ ನಿಂತು, "ಇದೊಂದನ್ನಾದರೂ ಹಾಳು ಮಾಡಬೇಡಿ ಮಾರಾಯ್ರೆ" ಎಂದು ಸೇರಿಸಿದಳು. ಆ 'ಇದೊಂದನ್ನಾದರೂ' ಎಂಬುದರ ಹಿಂದೆ ನಮ್ಮ ದಾಂಪತ್ಯದ ಸಮಗ್ರ ಇತಿಹಾಸವಿತ್ತು. ಈ ಸಲ ಮಾಂಬಳ ಮಾಡಿಯೇ ತೋರಿಸಬೇಕೆಂದು ನಾನು ಪಣ ತೊಟ್ಟೆ.

ಮೂರು ದಿನ ಪಣದಂತೆ ನಡೆದೆ. ರಸವನ್ನು ಸೋಸಲಿಲ್ಲ ಎಂಬುದು ನಿಜ. ನಾರು ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲ ವೈದ್ಯರೂ ಹೇಳುತ್ತಾರೆ, ಅಲ್ಲದೆ ಸೋಸುವ ಬಟ್ಟೆ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಹಾಕಿದ ಪದರದ ಮೇಲೆ ನಾರುಗಳು ಮುದುಕನ ಗಡ್ಡದಂತೆ ಎದ್ದು ನಿಂತಿದ್ದವು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನಗೆ ನಿದ್ರೆ. ಅದು ಸೇವಾವಧಿಯಲ್ಲೂ ಇತ್ತು. ಐದು ಗಂಟೆಗೆ ಮೇಲೆ ಹೋಗಿ ನೋಡಿದರೆ ಗಡ್ಡವಿಲ್ಲ. ಚಾಪೆಯ ಉದ್ದಕ್ಕೂ ಕನ್ನಡಿಯಂತೆ ಹೊಳೆಯುವ ಹೊಸ ಪದರ. ಬೆರಳಿಟ್ಟರೆ ಅಂಟುತ್ತಿತ್ತು.

ಕಡಿಮೆಯಾಗಿದ್ದರೆ ನಾನು ಧೃತಿಗೆಡುತ್ತಿರಲಿಲ್ಲ. ಕದಿಯುವುದು ಲೋಕರೂಢಿ. ಆದರೆ ಹೆಚ್ಚಾಗಿತ್ತು. ಪರೀಕ್ಷೆಯಲ್ಲಿಯೂ ನನಗೆ ಫೇಲಾದವರ ಮೇಲೆ ಎಂದೂ ಸಂಶಯ ಬಂದದ್ದಿಲ್ಲ. ಬರುತ್ತಿದ್ದದ್ದು ಏಕಾಏಕಿ ಹೆಚ್ಚು ಅಂಕ ತೆಗೆದವರ ಮೇಲೆ. ನಾನು ಪ್ಲಾಸ್ಟಿಕ್ಕಿನ ಅಳತೆ ಪಟ್ಟಿ ತಂದು ಅಂಚಿನ ದಪ್ಪವನ್ನು ಅಳೆದೆ. ಮರುದಿನ ತನಿಖೆಯ ದೃಷ್ಟಿಯಿಂದ ರಸವನ್ನೇ ಹಾಕಲಿಲ್ಲ. ಬಿದ್ದ ಹಣ್ಣುಗಳನ್ನು ಹೆಕ್ಕಿ ನಾನೇ ತಿಂದೆ. ಸಂಜೆ ನೋಡಿದರೆ ಮಾಂಬಳ ಮತ್ತೊಂದು ಪದರ ಬೆಳೆದಿತ್ತು.

ಮೊದಲ ಸಂಶಯ ಸಹಜವಾಗಿ ಹೆಂಡತಿಯ ಮೇಲೆಯೇ. ಕಾರ್ಕಳದಲ್ಲಿ ಕುಳಿತು ಯಾರನ್ನೋ ನೇಮಿಸಿರಬೇಕು. ಫೋನಿನಲ್ಲಿ ಸುತ್ತಿ ಬಳಸಿ, ಮಾಂಬಳದ ವಿಷಯ ಬೇರೆ ಯಾರಲ್ಲಾದರೂ ಹೇಳಿದ್ದುಂಟಾ ಎಂದು ಕೇಳಿದೆ. "ಎಂತ ಮಾಡಿದಿರಿ?" ಎಂದಳು. ಇಷ್ಟು ಭಯದಿಂದ ಕೇಳಿದವಳು ನಿರಪರಾಧಿಯೇ ಇರಬೇಕೆಂದು ಅವಳ ಹೆಸರನ್ನು ಪಟ್ಟಿಯಿಂದ ತೆಗೆದೆ.

ಪಕ್ಕದ ಮನೆಯ ವಸಂತಣ್ಣನಿಗೆ ವಿಷಯ ಹೇಳಿದ್ದು ನನ್ನ ತಪ್ಪು. ಅವರು ಗಲ್ಫಿನಲ್ಲಿ ಇಪ್ಪತ್ತು ವರ್ಷ ಗೋದಾಮು ಕಾದು ಬಂದವರು. ನನ್ನ ಸಂಶಯವೇನಿದ್ದರೂ ಚಿಲ್ಲರೆ, ಅವರದ್ದು ಸಗಟು. "ಕದ್ದವನನ್ನು ಕಳ್ಳ ಅನ್ನಬಹುದು ಮಾರಾಯ್ರೆ, ಹಾಕಿ ಹೋದವನಿಗೆ ಎಂತ ಹೇಳುವುದು? ಎಂತಕ್ಕೂ ತಿನ್ನುವ ಮೊದಲು ಆಲೋಚನೆ ಮಾಡಿ" ಎಂದರು. ಆಮೇಲೆ ದನಿ ತಗ್ಗಿಸಿ, ಹಿತ್ತಲ ಕೋಣೆಯ ಬಾಡಿಗೆಯವರು ಹೇಗೆ ಎಂದು ಕೇಳಿದರು.

ಆ ಬಾಡಿಗೆಯವರೆಂದರೆ ಬಾಗಲಕೋಟೆ ಕಡೆಯ ಫಕೀರಪ್ಪ, ಯಲ್ಲವ್ವ. ನಮ್ಮ ಹಿತ್ತಲಿನ ತಗಡಿನ ಮಾಡಿನ ಕೋಣೆಯಲ್ಲಿ ಎರಡು ವರ್ಷದಿಂದ ಇದ್ದಾರೆ. ಅವನಿಗೆ ಮಣಿಪಾಲದ ಫ್ಲ್ಯಾಟುಗಳಲ್ಲಿ ಗಾರೆ ಕೆಲಸ, ಅವಳಿಗೆ ಅಲ್ಲಿಯೇ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ. ಅವಳು ವಾಪಸು ಬರುವುದು ಒಂದೂವರೆಗೆ. ನಾನು ಮಲಗುವುದು ಎರಡಕ್ಕೆ. ಈ ಎರಡು ಅಂಕೆಗಳನ್ನು ಅಕ್ಕಪಕ್ಕ ಇಟ್ಟ ಕೂಡಲೇ ನನಗೆ ಎಲ್ಲವೂ ಸ್ಪಷ್ಟವಾಯಿತು, ಏಕೆ ಎಂಬುದೊಂದರ ಹೊರತು. ಅದಕ್ಕೂ ವಸಂತಣ್ಣ ಉತ್ತರ ಕೊಟ್ಟರು: ಕೆಟ್ಟ ಉದ್ದೇಶ ಇಲ್ಲದೆ ಯಾರೂ ಒಳ್ಳೆಯದು ಮಾಡುವುದಿಲ್ಲ. ಕೋಣೆ ಖಾಲಿ ಮಾಡಿಸಿ ಎಂದು ಸಲಹೆ ಕೊಟ್ಟರು. ಆ ರಾತ್ರಿ ಊಟಕ್ಕೆ ಕುಳಿತಾಗ ನಾನು 'ಬೇರೆ ಕಡೆ ನೋಡಿಕೊಳ್ಳಿ' ಎಂಬ ವಾಕ್ಯವನ್ನು ಮೂರು ಬಗೆಯಲ್ಲಿ ಹೇಳಿ ನೋಡಿದೆ. ಮೂರನೆಯದು ಚೆನ್ನಾಗಿತ್ತು.

ಏಳನೆಯ ದಿನ ನಿದ್ರೆಯನ್ನು ತ್ಯಾಗ ಮಾಡಿ, ಅಳತೆ ಪಟ್ಟಿ ಹಿಡಿದು ನೀರಿನ ಟ್ಯಾಂಕಿನ ಹಿಂದೆ ಕುಳಿತೆ. ಟ್ಯಾಂಕು ಕಾದಿತ್ತು, ನಾನೂ ಕಾದೆ. ಎರಡೂಕಾಲಕ್ಕೆ ಯಲ್ಲವ್ವ ಸ್ಟೀಲಿನ ಚೆಂಬು ಹಿಡಿದು ಹೊರಗಿನ ಮೆಟ್ಟಿಲು ಹತ್ತಿ ಬಂದಳು. ಸೊಳ್ಳೆಪರದೆ ಸರಿಸಿ, ಅಂಗೈಯಲ್ಲಿ ಹಿಂದಿನ ದಿನದ್ದನ್ನು ತಟ್ಟಿ ನೋಡಿ, ರಸ ಸುರಿದು, ಕೂಸಿನ ಬೆನ್ನಿಗೆ ಎಣ್ಣೆ ಹಚ್ಚುವಂತೆ ಸವರತೊಡಗಿದಳು. ನಾನು ಎದ್ದು ನಿಂತೆ. ಬೆವರಿ, ಮಸಿ ಮೆತ್ತಿಕೊಂಡು ಟ್ಯಾಂಕಿನ ಹಿಂದಿನಿಂದ ಬಂದ ನನ್ನನ್ನು ಯಾರಾದರೂ ನೋಡಿದ್ದರೆ ಇಬ್ಬರಲ್ಲಿ ಸಿಕ್ಕಿಬಿದ್ದವರು ಯಾರೆಂದು ಹೇಳಲು ಕಷ್ಟಪಡುತ್ತಿದ್ದರು.

"ಎಂತ ಇದು ಯಲ್ಲವ್ವ?" ಎಂದೆ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ. "ನಿಮ್ಮ ಗಿಡದ ಹಣ್ಣರೀ ಸರ. ನಮ್ಮ ತಗಡಿನ ಮ್ಯಾಲ ಬಿದ್ದದ್ದು. ಕದ್ದದ್ದಲ್ಲ."

ಅದು ನನಗೆ ಗೊತ್ತಿತ್ತು. ಅವರ ಮಾಡಿನ ಮೇಲೆ ಬಿದ್ದದ್ದು ಅವರಿಗೇ ಎಂದು ವಾರಿಜ ಎಂದೋ ಹೇಳಿದ್ದಳು. ಹಾಗಾದರೆ ತಿನ್ನದೆ ಇಲ್ಲಿ ಯಾಕೆ ತಂದು ಸುರಿಯುತ್ತೀ ಎಂದು ಕೇಳಿದೆ. ಹೋದ ವರ್ಷ ವಾರಿಜ ಕೊಟ್ಟ ವೀಳ್ಯದೆಲೆಯಷ್ಟು ಮಾಂಬಳವನ್ನು ಅವಳು ಊರಿಗೆ ಒಯ್ದಿದ್ದಳಂತೆ. ಅವಳ ತಾಯಿ ಅದನ್ನು ಬಾಯಲ್ಲಿಟ್ಟುಕೊಂಡು ಇಡೀ ಸಂಜೆ ಮಾತಾಡಲಿಲ್ಲವಂತೆ.

"ನಮ್ಮವ್ವಗ ಹಲ್ಲಿಲ್ರೀ. ಫೋನ್ ಹಚ್ಚಿದಾಗೊಮ್ಮೆ ಅದನ್ನ ಕೇಳ್ತಾಳ. ಈ ಸಲ ಒಂದಿಷ್ಟು ಒಯ್ಯಬೇಕು ಅಂತ ಮಾಡೀನಿ. ಪುಕ್ಕಟೆ ಹೆಂಗ ಕೇಳೋದು? ಮೊದಲ ನನ್ನ ಪಾಲು ಹಾಕಿ, ಆಮ್ಯಾಲ ಕೇಳೋಣ ಅಂತ." ಸ್ವಲ್ಪ ತಡೆದು, "ಅಕ್ಕಾರು ಇದ್ದಿದ್ರ ಹೇಳಿಬಿಡ್ತಿದ್ದೆ. ನೀವು ದಿನಾ ಪಟ್ಟಿ ಹಿಡಕೊಂಡು ನಿಂತಿರತೀರಿ, ಅಂಜಿಕಿ ಆತು" ಎಂದಳು.

ಅಭ್ಯಾಸ ಮಾಡಿಕೊಂಡಿದ್ದ ವಾಕ್ಯ ಮೂರೂ ಬಗೆಯಲ್ಲಿ ಬಾಯಿಯವರೆಗೆ ಬಂದು ನಿಂತಿತು. ಅದರ ಬದಲು, ಸೋಸುವುದು ಯಾವ ಬಟ್ಟೆಯಲ್ಲಿ ಎಂದು ಕೇಳಿದೆ. ಹಳೆಯ ಪಂಚೆಯಲ್ಲಿ ಎಂದಳು. ಉಳಿದ ದಿನಗಳ ಕೆಲಸವನ್ನು ಅವಳೇ ಮಾಡಿದಳು. ನಮ್ಮ ಕಡೆ ಬಿದ್ದ ಹಣ್ಣನ್ನೂ ಅವಳಿಗೇ ಕೊಟ್ಟೆ, ತಿಂದು ಉಳಿದದ್ದನ್ನು.

ಹತ್ತನೆಯ ದಿನ ವಾರಿಜ ಬಂದಳು. ಚಾಪೆ ನೋಡಿದವಳೇ ನನ್ನ ಮುಖ ನೋಡಿ, "ನೀವೇ ಮಾಡಿದ್ದಾ?" ಎಂದಳು. ಮದುವೆಯಾದ ಮೇಲೆ ಆ ಧ್ವನಿ ಕೇಳಿದ್ದು ಅದೇ ಮೊದಲು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ತಗ್ಗಿಸುವುದು ಸುಳ್ಳು ಹೇಳಿದಂತಲ್ಲ. ಅವಳು ಅಂಚನ್ನು ಕತ್ತರಿಸಿ ಬೆಳಕಿಗೆ ಹಿಡಿದಳು. ನಾನು ಹಳೆಯ ಪಟ್ಟಣಗಳ ಮಣ್ಣಿನ ಪದರಗಳ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಆದರೆ ಇಷ್ಟು ಬೇಗ ಓದಿದವರನ್ನು ಕಂಡಿಲ್ಲ. "ಅಡಿಯದ್ದು ಒಂದು ನನ್ನದು. ಅದರ ಮೇಲಿನ ಮೂರು ನಿಮ್ಮದು, ಹಗ್ಗ ಹೊಸೆಯಬಹುದು. ಮೇಲಿನ ಏಳು ಯಾರದ್ದು?"

ಹೇಳಿದೆ. ಟ್ಯಾಂಕು, ಅಳತೆ ಪಟ್ಟಿ, ವಸಂತಣ್ಣ, ಬಾಯಿಯವರೆಗೆ ಬಂದು ನಿಂತ ವಾಕ್ಯ, ಎಲ್ಲವನ್ನೂ. ಅವಳು ಕತ್ತರಿಸಿದ ತುಂಡನ್ನು ಚಾಪೆಯ ಮೇಲಿಟ್ಟಳು. ಆಮೇಲೆ, ನಾನು ನಾಲ್ಕನೆಯ ದಿನದಿಂದ ರಸ ಹಾಕದೆ ಕುಳಿತದ್ದೇ ಮಾಂಬಳಕ್ಕೆ ನಾನು ಮಾಡಿದ ದೊಡ್ಡ ಉಪಕಾರ, ಎರಡೆರಡು ಪದರ ಬಿದ್ದಿದ್ದರೆ ಒಣಗದೆ ಬೂಷ್ಟು ಹಿಡಿಯುತ್ತಿತ್ತು ಎಂದಳು. ಉಗುರು ಹಾಕಿ ಎಬ್ಬಿಸಿದಾಗ ಮೇಲಿನದ್ದು ಸಲೀಸಾಗಿ ಬೇರೆಯಾಯಿತು. ನಾರು ಅದನ್ನು ಅಂಟಲು ಬಿಟ್ಟಿರಲಿಲ್ಲ.

ಮೇಲಿನ ಏಳು ಪದರಗಳು ಜೂನ್ ಮೊದಲ ವಾರ ಬಾಗಲಕೋಟೆಯ ಬಸ್ಸಿನಲ್ಲಿ ಯಲ್ಲವ್ವನ ಜೊತೆ ಹೋದವು. ಕೆಳಗಿನ ನಾಲ್ಕು ನಮ್ಮ ಡಬ್ಬಿಯಲ್ಲಿವೆ.