ಮೀನಿನ ತೊಟ್ಟಿಯೂ ವನಜಳ ವೀಣೆಯೂ

ಮನೆಗೆ ನೀರು ಬಾರದಿರುವುದು ಒಂದು ಬಗೆಯ ಕಷ್ಟ. ನಮ್ಮ ಬಸವನಗುಡಿಯಲ್ಲಿ ಅದರ ಬಗ್ಗೆ ಯಾರನ್ನು ಕೇಳಿದರೂ ಗಂಟೆಗಟ್ಟಲೆ ಹೇಳುತ್ತಾರೆ. ಆದರೆ ಬಂದ ನೀರು ಇಟ್ಟ ಜಾಗದಲ್ಲಿರದೆ, ಕಣ್ಣಿಗೆ ಕಾಣದ ಹಾಗೆ ಮನೆಯೆಲ್ಲ ಓಡಾಡುವುದು ಇನ್ನೊಂದು ಬಗೆಯ ಕಷ್ಟ. ಇದನ್ನು ಹೇಳಿಕೊಂಡರೆ ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ. ಅದರಲ್ಲೂ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನೀರು ಆವಿಯಾಗುವ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಮೇಲಕ್ಕೆ ಬಾಣದ ಗುರುತು ಹಾಕಿ ಹಾಕಿ ಕೈ ಸವೆಸಿಕೊಂಡವನು. ಆ ಬಾಣ ನಮ್ಮ ನಡುಮನೆಯಲ್ಲೇ ಹಾದುಹೋಗುತ್ತಿದೆ ಎಂಬುದು ಮಾತ್ರ ನನಗೆ ಬಹಳ ತಡವಾಗಿ ಹೊಳೆಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಉಪ್ಪಾರಪೇಟೆಯ ಯಾವುದೋ ಲಾಡ್ಜನ್ನು ಮುಚ್ಚುತ್ತಿದ್ದರು. ಅಲ್ಲಿ ಗಲ್ಲಾದ ಪಕ್ಕದಲ್ಲಿದ್ದ ಅಕ್ವೇರಿಯಂ ನೋಡಿ ನನ್ನ ಮನಸ್ಸು ಕರಗಿತು. ಲಾಡ್ಜಿನಲ್ಲಿ ಸಾಧಾರಣವಾಗಿ ಕಂಡಿದ್ದ ತೊಟ್ಟಿ ನಮ್ಮ ಮನೆಗೆ ಬಂದು ಇಳಿದಾಗ ಮಂಚದಷ್ಟು ಉದ್ದವಿತ್ತು. ಮೇಷ್ಟ್ರ ಮನೆಗೆ ಮೀನು ಬಂತಂತೆ ಎಂದು ಬೀದಿಯಲ್ಲೆಲ್ಲ ಸುದ್ದಿಯಾಗಿ, ಈರುಳ್ಳಿಯನ್ನೂ ತಿನ್ನದ ಪಕ್ಕದ ಮನೆಯವರು ಕೆಲವು ದಿನ ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡಿದ್ದರು. ನನಗೆ ಅದರ ಪರಿವೆಯೇ ಇರಲಿಲ್ಲ. ಸಂಜೆ ತೊಟ್ಟಿಯ ಹಿಂದೆ ಕೆಳಗಿಟ್ಟ ದೀಪ ಹಾಕಿದರೆ ನೀರಿನ ಬೆಳಕು ಸೂರಿನ ಮೇಲೆಲ್ಲ ನಿಧಾನವಾಗಿ ತೂಗಾಡುತ್ತಿತ್ತು. ಒಂದು ಮೀನು ತಿರುಗಿದರೆ ಅದರ ನೆರಳು ಗೋಡೆ ಗಡಿಯಾರವನ್ನು ದಾಟಿ ತೇಲಿಕೊಂಡು ಹೋಗುತ್ತಿತ್ತು. ಅದರ ಕೆಳಗೆ ಚಾಪೆ ಹಾಸಿಕೊಂಡು ನನ್ನ ಹೆಂಡತಿ ವನಜ ಬೀದಿಯ ಹುಡುಗಿಯರಿಗೆ ವೀಣೆ ಹೇಳಿಕೊಡುತ್ತಿದ್ದಳು. ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಸರಳೆ ವರಸೆ ಕೇಳುತ್ತಾ, ಮೀನು ನೋಡುತ್ತಾ ನಾನು ಎಲ್ಲಿಗೋ ಹೋಗಿಬಿಡುತ್ತಿದ್ದೆ. ಆ ಹೊತ್ತಿನಲ್ಲಿ ತಿದ್ದಿದ ಮಕ್ಕಳೆಲ್ಲ ಪಾಸಾಗುತ್ತಿದ್ದರು.

ಮೊದಲು ಕೈಕೊಟ್ಟದ್ದು ಬೆಂಕಿಪೊಟ್ಟಣ. ಗೀರಿದರೆ ಕಡ್ಡಿಯ ಮದ್ದು ಮಾತ್ರ ಕಿತ್ತುಬರುತ್ತಿತ್ತು. ಆಮೇಲೆ ಭರಣಿಯ ಕುಂಕುಮ ಉಂಡೆಗಟ್ಟಿತು. ಕರಿದಿಟ್ಟ ಹಪ್ಪಳ ಊಟಕ್ಕೆ ಕೂರುವ ಹೊತ್ತಿಗೆ ಕರವಸ್ತ್ರದ ಹಾಗೆ ಮಡಚಿಕೊಳ್ಳುತ್ತಿತ್ತು. ಇದನ್ನೆಲ್ಲ ಮಳೆಗಾಲದ ತಲೆಗೆ ಕಟ್ಟಿ ನಾನು ಜಾರಿಕೊಂಡೆ. ಸಂಕ್ರಾಂತಿ ಕಳೆದ ಮೇಲೂ ವೀಣೆಯ ಬಿರಡೆಗಳು ಉಬ್ಬಿಕೊಂಡು ತಿರುಗದೆ ನಿಂತಾಗ ಜಾರಿಕೊಳ್ಳಲು ದಾರಿ ಉಳಿಯಲಿಲ್ಲ. ಅದು ವನಜಳ ಅಜ್ಜಿ ನುಡಿಸುತ್ತಿದ್ದ ಹಲಸಿನ ಮರದ ವೀಣೆ. ಬಿಗಿದ ಬಿರಡೆಯನ್ನು ತಿರುಗಿಸಲು ಹೋಗಿ ತಂತಿ ಕಿತ್ತುಹೋದ ದಿನ ಅವಳು ನನ್ನನ್ನು ಬೈಯಲಿಲ್ಲ. ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ದಂಡಿಯನ್ನು ಸವರಿದಳು.

"ಇದು ಹಾಳಾದ್ರೆ ಬೇರೆ ಮಾಡಿಸ್ಬೋದು ರೀ. ಅಜ್ಜಿ ಕೈ ತಾಗಿ ಸವೆದಿರೋ ಜಾಗ ಎಲ್ಲಿಂದ ತರ್ಲಿ?" ಎಂದಳು.

ನನಗೆ ನಿಜವಾಗಿ ಭಯವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೇ? ತೇವ ಆರಲಿ ಎಂದು ತೊಟ್ಟಿಯ ಕಡೆಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಗಾಳಿ ಬೀಸಿದರೆ ನೀರು ಇನ್ನೂ ಬೇಗ ಆವಿಯಾಗುತ್ತದೆ ಎಂದು ಅದೇ ವಾರ ಎಂಟನೇ ಕ್ಲಾಸಿಗೆ ಪಾಠ ಮಾಡಿದ್ದವನೂ ನಾನೇ. ಗೋಡೆಯ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡ ಮೇಲೆ ಫ್ಯಾನ್ ಆರಿಸಿದೆ. ಆಮೇಲೆ ಮಾಮೂಲ್‌ಪೇಟೆಯಿಂದ ಕಲ್ಲುಪ್ಪು, ಇದ್ದಿಲು ತಂದು ಬಟ್ಟಲುಗಳಿಗೆ ತುಂಬಿ ಮೂಲೆ ಮೂಲೆಗೆ ಇಟ್ಟೆ. ವೀಣೆಯ ಪಕ್ಕಕ್ಕೂ ಒಂದು ಇಟ್ಟೆ. ಅಂದು ಅಮಾವಾಸ್ಯೆ ಎಂಬುದು ನನ್ನ ತಲೆಯಲ್ಲಿರಲಿಲ್ಲ. ಸಂಜೆ ಪಾಠಕ್ಕೆ ಬಂದ ಹುಡುಗಿಯರು ಬಾಗಿಲಿಂದ ಒಳಗೆ ಇಣುಕಿ, ಚಪ್ಪಲಿ ಸಹ ಬಿಚ್ಚದೆ ಹಿಂದಿರುಗಿದರು. ಮರುದಿನ ಅವರಲ್ಲೊಬ್ಬಳ ಅಜ್ಜಿ ನಾಗಮ್ಮನವರು ಬಂದರು.

"ಯಾರ ಕಣ್ಣು ಬಿದ್ದಿದೆ ಅಂತ ಗೊತ್ತಾಯ್ತೇನಮ್ಮ? ಮುಚ್ಚಿಡ್ಬೇಡ. ತೆಗೆಯೋರು ನಮಗೆ ಗೊತ್ತಿದ್ದಾರೆ" ಎಂದು ವನಜಳ ಕೈ ಹಿಡಿದುಕೊಂಡರು.

"ಕಣ್ಣಲ್ಲ ನಾಗಮ್ಮನವರೇ, ಮೀನು" ಎಂದು ನಾನು ನಡುವೆ ಬಾಯಿ ಹಾಕಿದೆ. "ತೊಟ್ಟಿಯಿಂದ ಮನೆಯೆಲ್ಲ ತೇವ ಆಗ್ತಿದೆ. ಉಪ್ಪು ಅದನ್ನ ಹೀರ್ಕೊಳತ್ತೆ."

"ನೀರು ಗಾಜಿನೊಳಗಿದೆಯಲ್ಲ ಮೇಷ್ಟ್ರೇ. ಮನೆ ಹೇಗೆ ಒದ್ದೆಯಾಗತ್ತೆ?" ಎಂದು ಕನಿಕರದಿಂದ ನನ್ನನ್ನು ನೋಡಿ, ವನಜಳ ಕಡೆ ತಿರುಗಿ ದನಿ ತಗ್ಗಿಸಿದರು. "ಬಿದ್ದಿರೋದು ಇವರ ಮೇಲೇ ಕಣಮ್ಮ."

ಬಟ್ಟಲುಗಳು ಹೊರಗೆ ಹೋದವು. ನಾಗಮ್ಮನವರು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ನನಗೆ ನಿವಾಳಿಸಿ ತೆಗೆದ ಮೇಲೆಯೇ ಹುಡುಗಿಯರು ಪಾಠಕ್ಕೆ ವಾಪಸು ಬಂದದ್ದು.

ಕೊನೆಗೆ ತೊಟ್ಟಿಯ ಮೇಲೆ ಅಳತೆಗೆ ಕೊಯ್ಯಿಸಿದ ಗಾಜಿನ ಮುಚ್ಚಳ ಹಾಕಿಸಿದೆ. ಇದು ಕೆಲಸ ಮಾಡಿತು. ಬೆಂಕಿಕಡ್ಡಿ ಹೊತ್ತಿಕೊಂಡಿತು, ಬಿರಡೆ ಸಡಿಲವಾಯಿತು. ಆದರೆ ಮುಚ್ಚಳದ ಒಳಗೆಲ್ಲ ಹನಿ ಕಟ್ಟಿ ಬೆಳಕು ಮಸುಕಾಗಿ, ಸೂರು ಬರೀ ಸೂರಾಗಿ ಉಳಿಯಿತು. ಅದನ್ನು ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ವನಜ ಅಡಿಗೆಮನೆಗೆ ಹೋದಾಗ ಮುಚ್ಚಳವನ್ನು ಒಂದಿಷ್ಟು ಪಕ್ಕಕ್ಕೆ ಸರಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಒಂದಿಷ್ಟು ಎಂದದ್ದು ದಿನದಿನಕ್ಕೆ ಬೆಳೆಯಿತು. ಬಿರಡೆ ಮತ್ತೆ ಬಿಗಿಯಿತು. ಕಳ್ಳ ಸಿಕ್ಕಿಬೀಳಲು ಹೆಚ್ಚು ಕಾಲ ಬೇಕಾಗಲಿಲ್ಲ. ವನಜ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೂರಿನ ಮೇಲೆ ಬೆಳಕು ತೂಗಾಡುತ್ತಿತ್ತು. ನನ್ನ ಕೈ ಮುಚ್ಚಳದ ಮೇಲಿತ್ತು.

"ತೊಟ್ಟಿ ಯಾರಿಗಾದ್ರೂ ಕೊಟ್ಬಿಡೋಣ" ಎಂದೆ. ಮನಸ್ಸಿಟ್ಟೇ ಹೇಳಿದೆ, ಆದರೆ ಕೈ ಮುಚ್ಚಳವನ್ನು ಬಿಡಲಿಲ್ಲ.

ಅವಳು ಸೂರಿನ ಕಡೆ ನೋಡಿದಳು, ನನ್ನ ಮುಖ ನೋಡಿದಳು. "ಬೇಡ ಬಿಡಿ. ಮೀನೂ ಇರ್ಲಿ, ವೀಣೆನೂ ಇರ್ಲಿ. ಒಬ್ರು ಜಾಗ ಬಿಟ್ಕೊಟ್ರೆ ಸಾಕು."

ಆ ಒಬ್ಬರು ಯಾರು ಎಂಬುದು ಸಂಜೆ ಮಂಚ ಹೊರಗೆ ಬಂದಾಗ ತಿಳಿಯಿತು. ಬಿಸಿಲು ಬೀಳುವ ನಮ್ಮ ಮಲಗುವ ಕೋಣೆ ವೀಣೆಗೂ ಹುಡುಗಿಯರಿಗೂ ಸಂದಿತು. ಮಂಚ ನಡುಮನೆಯಲ್ಲಿ ತೊಟ್ಟಿಗೆ ಅಂಟಿಕೊಂಡು ನಿಂತಿತು, ಗಾಜಿನ ಮುಚ್ಚಳ ಅದರ ಕೆಳಗೆ ಸೇರಿತು. ಈಗ ಬೆಳಗಿನ ಜಾವ ಕಣ್ಣು ಬಿಟ್ಟರೆ ತಲೆಯ ಮೇಲೆ ಸೂರಿನಲ್ಲಿ ನೀರಿನ ಬೆಳಕು ಹರಿಯುತ್ತಿರುತ್ತದೆ. ಮುಚ್ಚಿದ ಬಾಗಿಲಿನಾಚೆ ವನಜ ನುಡಿಸುತ್ತಿರುತ್ತಾಳೆ, ಶ್ರುತಿ ಎಳ್ಳಷ್ಟೂ ಕದಲುವುದಿಲ್ಲ. ನೀರಿನೊಳಗಿಂದಲೇ ಕೇಳುತ್ತಿದ್ದೇನೇನೋ ಅನ್ನಿಸುತ್ತದೆ. ಅಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿಂಬು ಮಾತ್ರ ತೇವ, ಮೂಗು ಸದಾ ಕಟ್ಟಿರುತ್ತದೆ. ಮೊನ್ನೆ ಸೀನುತ್ತಾ ಇದನ್ನೇ ಹೇಳಿಕೊಂಡೆ.

"ಹಲಸಿನ ಮರ ತೇವ ತಡ್ಕೊಳಲ್ಲ ರೀ. ನೀವು ತಡ್ಕೋತೀರಿ" ಎಂದಳು ವನಜ.

ಮದುವೆಯಾದಾಗಿನಿಂದ ಅವಳು ನನ್ನನ್ನು ಇಷ್ಟು ಬಾಯ್ತುಂಬ ಹೊಗಳಿದ್ದಿಲ್ಲ. ಆ ಸಂತೋಷದಲ್ಲೇ ದಿಂಬನ್ನು ಬಿಸಿಲಿಗೆ ಹಾಕಲು ಎದ್ದು ಹೋದೆ.