ಕೃಷ್ಣಸ್ವಾಮಿಯ ಕೈಗುಣ

ಚರ್ಮವನ್ನು ಎರಡು ಬೆರಳಿನಲ್ಲಿ ಮಡಿಸಿ ಹಿಡಿಯಬೇಕು, ಅದು ಗೊತ್ತು. ಸೂಜಿ ಓರೆಯಾಗಿ ಇಳಿಯಬೇಕು, ಅದೂ ಗೊತ್ತು. ಆದರೆ ಗೊತ್ತಿರುವುದನ್ನು ಕೈಗೆ ತಿಳಿಸುವುದು ಹೇಗೆ? ಒಂದು, ಎರಡು, ಮೂರು ಎಂದು ಎಣಿಸಿ ಚುಚ್ಚಿಬಿಡುವುದೇ? ಮೂರು ಅನ್ನುವಾಗ ಚುಚ್ಚಬೇಕೋ, ಅಂದು ಮುಗಿಸಿದ ಮೇಲೋ? ಹತ್ತರವರೆಗೆ ಎಣಿಸಿದರೆ ತಪ್ಪೇನು?

ಕೃಷ್ಣಸ್ವಾಮಿ ಆಗಲೇ ಎಂಬತ್ತರವರೆಗೆ ಎಣಿಸಿದ್ದ.

ಚಾಮುಂಡಿಪುರದ ವಠಾರದಲ್ಲಿ ಅವನದು ಮೂರನೆಯ ಮನೆ. ಅಂದು ಭಾನುವಾರ. ಪಂಚೆಯನ್ನು ತೊಡೆಯ ಮೇಲಕ್ಕೆ ಸರಿಸಿ ಮಣೆಯ ಮೇಲೆ ಕೂತಿದ್ದ ಅವನ ಕೈಯಲ್ಲಿ ಕುದಿಸಿ ಆರಿಸಿದ ಗಾಜಿನ ಸಿರಿಂಜು, ಅದರೊಳಗೆ ಇಪ್ಪತ್ತು ಯೂನಿಟ್ ಇನ್ಸುಲಿನ್. ಅದು ಒಳಗೆ ಹೋಗದೆ ಇಡ್ಲಿ ಒಳಗೆ ಹೋಗುವಂತಿರಲಿಲ್ಲ. ಹೆಂಡತಿ ಕಮಲ ತಂಗಿಯ ಮಗುವಿನ ನಾಮಕರಣಕ್ಕೆಂದು ಹಿಂದಿನ ದಿನವೇ ನಂಜನಗೂಡಿಗೆ ಹೋಗಿದ್ದಳು. ಬರುವುದು ಸಂಜೆಗೆ. ಒಂದು ದಿನ ನೀವೇ ಹಾಕಿಕೊಳ್ಳುತ್ತೀರಲ್ಲವೇ ಎಂದು ಹೊರಡುವಾಗ ಕೇಳಿದ್ದಳು. ಅವನು ತಲೆಯಾಡಿಸಿದ್ದ.

ಎಂಟು ತಿಂಗಳಿಂದ ಆ ಸೂಜಿ ಹಾಕುತ್ತಿದ್ದವಳು ಕಮಲ. ಕಲಿತವನು ಮಾತ್ರ ಅವನು. ಮೋಸಂಬಿ ಹಣ್ಣಿನ ಮೇಲೆ ಅಭ್ಯಾಸ ಮಾಡಿ ಎಂದು ಡಾಕ್ಟರು ಹೇಳಿದ್ದರು. ಮೋಸಂಬಿಗೆ ಚುಚ್ಚುವುದರಲ್ಲಿ ಕೃಷ್ಣಸ್ವಾಮಿಯನ್ನು ಮೀರಿಸುವವರಿರಲಿಲ್ಲ. ಸೀಸೆಯ ಜೊತೆ ಬರುವ ಮಡಿಕೆ ಕಾಗದವನ್ನು ಕಚೇರಿಯ ಕಡತದಂತೆ ಓದಿ ಬಾಯಿಪಾಠ ಮಾಡಿದ್ದ. ಅವನ ದೊಡ್ಡಪ್ಪ ಇದೇ ಸಕ್ಕರೆ ಕಾಯಿಲೆಯಲ್ಲಿ, ಈ ಔಷಧ ಊರಿಗೆ ಬರುವ ಮೊದಲು, ಕಬ್ಬಿನ ಸಿಪ್ಪೆಯಂತೆ ಒಣಗಿ ಹೋಗಿದ್ದರು. ಆದ್ದರಿಂದ ಒದ್ದೆ ಮರಳಿನ ಮಡಕೆಯಲ್ಲಿ ತಣ್ಣಗೆ ಕೂತಿರುತ್ತಿದ್ದ ಆ ಪುಟ್ಟ ಸೀಸೆಯ ಮೇಲೆ ಅವನಿಗೆ ದೇವರ ಮೇಲಿನಷ್ಟೇ ಭಕ್ತಿ. ನಡುವೆ ಸೂಜಿಯೊಂದು ಇಲ್ಲದಿದ್ದರೆ ಆ ಭಕ್ತಿಗೆ ಯಾವ ಕುಂದೂ ಇರುತ್ತಿರಲಿಲ್ಲ.

ಅವನಿಗೆ ಸೂಜಿ ಹಾಕುವವಳು ಕಮಲ ಎಂಬುದು ವಠಾರಕ್ಕೆ ಗೊತ್ತಿರಲಿಲ್ಲ. ಒಂದು ದಿನ ಅವನು ಕೊಳಾಯಿಯ ಹತ್ತಿರ ಸಿರಿಂಜು ತೊಳೆಯುತ್ತಿದ್ದಾಗ, ಮೊದಲನೆಯ ಮನೆಯ ಶಿವಮಲ್ಲಪ್ಪ, ರಿಟೈರಾದ ಶಿರಸ್ತೇದಾರರು, "ನೀವೇ ಚುಚ್ಕೋತೀರೇನ್ರೀ?" ಎಂದು ಕೇಳಿದ್ದರು. ಹೆಂಡತಿ ಎನ್ನಲು ನಾಲಿಗೆ ಏಳಲಿಲ್ಲ, ಹೌದು ಎನ್ನಲು ಮನಸ್ಸು ಒಪ್ಪಲಿಲ್ಲ. ಸುಮ್ಮನಿದ್ದ. ಹಲ್ಲುನೋವಿನಿಂದ ಹಿಡಿದು ಅತ್ತೆ ಸೊಸೆ ಜಗಳದವರೆಗೆ ಎಲ್ಲವನ್ನೂ ಕೊಳಾಯಿಯ ಮುಂದೆ ಹೇಳಿಕೊಳ್ಳುವ ಆ ವಠಾರದಲ್ಲಿ, ಸುಮ್ಮನಿರುವವನು ವಿನಯವಂತನೇ ಆಗಿರಬೇಕೆಂದು ಎಲ್ಲರ ನಂಬಿಕೆ. ಅಂದು ಸಂಜೆಯ ಹೊತ್ತಿಗೆ ಅವನು ಎದೆಗಾರನೆಂದು ಹೆಸರಾಗಿತ್ತು.

ಎಂಬತ್ತೊಂದು ಎನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಶಿವಮಲ್ಲಪ್ಪ ನಿಂತಿದ್ದರು. ಅವರ ಹಿಂದೆ, ವಠಾರಕ್ಕೆ ಹಾಲು ಹಾಕುವ ಹಿಂದಿನ ಬೀದಿಯ ಬೆಟ್ಟಮ್ಮ. ಅವಳ ಹಿಂದೆ ಐದನೆಯ ಮನೆಯ ಮಿಡ್ಲ್‌ಸ್ಕೂಲ್ ಮೇಡಂ ಪ್ರೇಮಲೀಲಾ, ಮತ್ತು ಭಾನುವಾರವಾದ್ದರಿಂದ ಉಳಿದ ವಠಾರವೆಲ್ಲ.

ಶಿವಮಲ್ಲಪ್ಪ ವಿಷಯ ಒಪ್ಪಿಸಿದರು. ಬೆಟ್ಟಮ್ಮನಿಗೂ ಅದೇ ಕಾಯಿಲೆ. ದೊಡ್ಡಾಸ್ಪತ್ರೆಯಲ್ಲಿ ಎರಡು ವಾರ ಇದ್ದು ಬಂದಿದ್ದಾಳೆ. ದಿನಾ ಬೆಳಿಗ್ಗೆ ಕಾಂಪೌಂಡರ್ ಸಿದ್ದರಾಜು ಬಂದು ಸೂಜಿ ಹಾಕುತ್ತಿದ್ದ. ಇಂದು ಅವನು ಮದುವೆಗೆಂದು ಮಳವಳ್ಳಿಗೆ ಹೋಗಿದ್ದಾನೆ. ಒಂದು ದಿನವೂ ತಪ್ಪಬಾರದೆಂದು ಡಾಕ್ಟರ ಅಪ್ಪಣೆ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕದೆ ಕೂತಿದ್ದಾಳೆ. ದೊಡ್ಡಾಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತರೆ ಮಧ್ಯಾಹ್ನವಾಗುತ್ತದೆ. ಅದಕ್ಕೇ, ನಮ್ಮ ಕೃಷ್ಣಸ್ವಾಮಿ ಇರುವಾಗ ಯೋಚನೆ ಯಾಕೆ ಎಂದು ತಾವು ಮಾತು ಕೊಟ್ಟುಬಿಟ್ಟಿದ್ದಾರೆ.

ಬೆಟ್ಟಮ್ಮ ಹೊಸ್ತಿಲ ಮೇಲೆ ಕೂತು, ಒದ್ದೆ ಬಟ್ಟೆ ಸುತ್ತಿದ ಔಷಧದ ಕುಡಿಕೆಯನ್ನೂ ಸಿರಿಂಜಿನ ಡಬ್ಬಿಯನ್ನೂ ಮುಂದಿಟ್ಟಳು. ಎಮ್ಮೆಯನ್ನು ಕೊಂಬು ಹಿಡಿದು ನಿಲ್ಲಿಸುತ್ತಿದ್ದ ಹೆಂಗಸು ಈಗ ಬಾಗಿಲ ಚೌಕಟ್ಟಿಗೆ ಒರಗಿದ್ದಳು. "ಬಿರ್ನೆ ಚುಚ್ಬುಡಿ ಸ್ವಾಮಿ. ಕಣ್ಣು ಕತ್ಲೆ ಬತ್ತಾ ಅದೆ."

ಕೃಷ್ಣಸ್ವಾಮಿ ಅವಳ ಡಬ್ಬಿ ತೆರೆದು ನೋಡಿದ. ಸಿರಿಂಜನ್ನು ಹತ್ತು ನಿಮಿಷ ಕುದಿಸಬೇಕು ಎಂದ. ಪ್ರೇಮಲೀಲಾ ಕುದಿಸಿ ತಂದರು. ಸೂಜಿ ಮೊಂಡಾಗಿದೆ ಎಂದ. ಶಿವಮಲ್ಲಪ್ಪ ಸಾಣೆಕಲ್ಲು ತರಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ತಾವೇ ಮಸೆದು, ಮತ್ತೆ ಕುದಿಸಲು ಕೊಟ್ಟರು. ಸ್ಪಿರಿಟ್ ಮುಗಿದಿದೆ ಎಂದ. ಮೂರು ಮನೆಗಳಿಂದ ಮೂರು ಸೀಸೆ ಬಂದವು. ಬೇರೆ ದಿನ ಒಂದು ಲೋಟ ಸೀಮೆಎಣ್ಣೆಗೆ ಮುಖ ತಿರುಗಿಸುತ್ತಿದ್ದ ಜನ ಇವತ್ತು ಮದುವೆಮನೆಯವರಂತೆ ಓಡಾಡುತ್ತಿದ್ದರು. ಇಷ್ಟು ಒಳ್ಳೆಯ ನೆರೆಹೊರೆ ತನಗಿದೆಯೆಂದು ಕೃಷ್ಣಸ್ವಾಮಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಮಾತ್ರ ಅವನಿಗೆ ಒಳ್ಳೆಯದಾಗಿರಲಿಲ್ಲ.

ಅಷ್ಟರಲ್ಲಿ ಶಿವಮಲ್ಲಪ್ಪನವರಿಗೆ ಮತ್ತೊಂದು ಹೊಳೆಯಿತು. ಕೃಷ್ಣಸ್ವಾಮಿ ಎಲ್ಲರೆದುರಿಗೆ ಮೊದಲು ತನಗೆ ಚುಚ್ಚಿಕೊಂಡು ತೋರಿಸಿದರೆ ಬೆಟ್ಟಮ್ಮನಿಗೆ ಧೈರ್ಯ ಬರುತ್ತದೆ. ಸಭೆ ಒಪ್ಪಿತು. ಕಿಟಕಿಯ ಸರಳುಗಳ ನಡುವೆ ಮುಖಗಳು ಒತ್ತೊತ್ತಾಗಿ ತುಂಬಿಕೊಂಡವು.

"ಹೆಂಗಸರ ವಿಷಯ," ಎಂದ ಕೃಷ್ಣಸ್ವಾಮಿ. "ಪರದೆ ಹಾಕ್ಬೇಕು."

ಎಂಥ ಮರ್ಯಾದಸ್ಥ ಎಂದು ಶಿವಮಲ್ಲಪ್ಪ ಪ್ರೇಮಲೀಲಾರ ಕಡೆ ನೋಡಿದರು. ಬೆಟ್ಟಮ್ಮ ಒಳಗೆ ಬಂದಳು. ಅವನು ತನ್ನ ಸಿರಿಂಜನ್ನೂ ತಟ್ಟೆಯಲ್ಲಿಟ್ಟು ಒಳಗೆ ತಂದು, ನಡುಮನೆಯ ಪರದೆ ಎಳೆದ.

ಅವಳ ಔಷಧವನ್ನು ಅವನು ಸಿರಿಂಜಿಗೆ ಎಳೆದುಕೊಂಡ ರೀತಿ ನೋಡುವಂತಿತ್ತು. ಗೆರೆಗೆ ಸರಿಯಾಗಿ, ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಒಂದು ಹನಿ ವ್ಯರ್ಥವಾಗದಂತೆ. ಆಮೇಲೆ ಸೂಜಿ ಅವಳ ತೋಳಿನ ಕಡೆ ಹೊರಟು, ನಾಲ್ಕು ಬೆರಳಿನಷ್ಟು ದೂರದಲ್ಲಿ, ರೈಲ್ವೆ ಗೇಟಿನ ಮುಂದಿನ ಜಟಕಾದಂತೆ ನಿಂತುಬಿಟ್ಟಿತು.

ಬೆಟ್ಟಮ್ಮ ಕಾದಳು. ಸೂಜಿಯನ್ನು ನೋಡಿದಳು, ಮುಂದೆ ಹೋಗದ ಕೈಯನ್ನು ನೋಡಿದಳು. ತಟ್ಟೆಯಲ್ಲಿ ತುಂಬಿಕೊಂಡೇ ಮಲಗಿದ್ದ ಅವನ ಸಿರಿಂಜನ್ನೂ ನೋಡಿದಳು. ಹೊರಗೆ ಇಪ್ಪತ್ತು ಜನ ಉಸಿರು ಬಿಗಿಹಿಡಿದಿದ್ದರು.

"ಎಂಗೆ ಅಂತ ಬಾಯಲ್ಲಿ ಯೋಳಿ ಸ್ವಾಮಿ," ಎಂದಳು ಮೆಲ್ಲಗೆ. "ನಾನೇ ನೋಡ್ತೀನಿ."

ಅವನು ಪಿಸುಗುಟ್ಟುತ್ತ ಹೇಳಿದ. ತೋಳು ಬೇಡ, ತೊಡೆಯ ಹೊರಮಗ್ಗುಲು. ಎರಡು ಬೆರಳಿನ ಮಡಿಕೆ. ಓರೆ. ತಳ್ಳುವಾಗ ನಿಧಾನ. ಹೇಳುತ್ತ ಅವನು ಗೋಡೆಯ ಕಡೆ ತಿರುಗಿ ನಿಂತ. ಮಾತು ಮುಗಿಯುವ ಮೊದಲೇ ಅವಳದು ಮುಗಿದಿತ್ತು. ಎಂಟು ತಿಂಗಳು ಅವನು ಓದಿದ್ದನ್ನು ಅಕ್ಷರ ಬಾರದ ಆ ಹೆಂಗಸು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನಲ್ಲಿ ಕಲಿತಿದ್ದಳು. ಅವನು ತಿರುಗಿ ನೋಡಿದ. ಅಂಥ ಸಾವಧಾನದ ಮುಖವನ್ನು ಅವನು ಯಾವ ಸಾಹೇಬರಲ್ಲೂ ಕಂಡಿರಲಿಲ್ಲ.

"ನಿಮ್ದು?"

ಅವನು ತಟ್ಟೆಯನ್ನು ಅವಳ ಮುಂದಿಟ್ಟ. ಪಂಚೆ ಸರಿಸಿ, ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯನ್ನು ನೋಡುತ್ತ ಕೂತ. ಹತ್ತಿಯ ತಣುಪು ತಗುಲಿದಾಗಲೇ ಆಯಿತೆಂದು ತಿಳಿದದ್ದು.

ಪರದೆ ಸರಿಯಿತು. ಎಲ್ಲರೂ ಬೆಟ್ಟಮ್ಮನ ಮುಖ ನೋಡಿದರು. ಅವನೂ ನೋಡಿದ.

"ಗೊತ್ತೇ ಆಗ್ನಿಲ್ಲ ಕಣ್ರವ್ವ," ಎಂದಳು ಬೆಟ್ಟಮ್ಮ. "ಇರುವೆ ಕಚ್ದಂಗೆ. ಒಳ್ಳೆ ಕೈಗುಣ ನಮ್ ಸ್ವಾಮೀದು."

ಅವಳು ಅವನ ಮಾನ ಉಳಿಸಲೆಂದು ಹಾಗೆ ಅಂದದ್ದು. ಪ್ರೇಮಲೀಲಾ ಕೊಟ್ಟ ಇಡ್ಲಿ ತಿಂದು, ಸೆರಗಿನಲ್ಲಿ ಬಾಯೊರೆಸಿಕೊಂಡು, ಎಮ್ಮೆ ಕಾಯುತ್ತಿರುತ್ತದೆ ಎಂದು ಹೊರಟುಹೋದಳು. ಅವಳು ಆಡಿದ ಮಾತು ಮಾತ್ರ ವಠಾರದಲ್ಲೇ ಉಳಿಯಿತು. ಮಧ್ಯಾಹ್ನದೊಳಗೆ ಅದು ಎರಡು ಬೀದಿ ದಾಟಿತ್ತು. ನಾಲ್ಕು ಗಂಟೆಗೆ ಶಿವಮಲ್ಲಪ್ಪ ಒಂದು ಕಾಗದ ಹಿಡಿದು ಬಂದರು. ಅವನ ಕೈಯಲ್ಲೇ ಸೂಜಿ ಹಾಕಿಸಿಕೊಳ್ಳಬೇಕೆಂಬ ಏಳು ಜನರ ಹೆಸರು. ಇಬ್ಬರಿಗೆ ಇದೇ ಕಾಯಿಲೆ, ಮೂವರಿಗೆ ರಕ್ತಹೀನತೆಯ ಸೂಜಿ, ಉಳಿದಿಬ್ಬರಿಗೆ ಏನೆಂದು ಇನ್ನೂ ಡಾಕ್ಟರು ಹೇಳಬೇಕು. ಕಚೇರಿಗೆ ತೊಂದರೆಯಾಗದಂತೆ ಎಲ್ಲರೂ ನಾಳೆಯಿಂದ ಬೆಳಿಗ್ಗೆ ಆರು ಗಂಟೆಗೇ ಬರುತ್ತಾರೆಂದು ಭರವಸೆ ಕೊಟ್ಟರು.

ಕಮಲ ಬಂದರೆ ಸಾಕು ಎಂದು ಕೃಷ್ಣಸ್ವಾಮಿ ಬಾಗಿಲಲ್ಲೇ ಕೂತ. ಅವಳಿಗೆ ಎಲ್ಲವನ್ನೂ ಹೇಳಿಬಿಡುವುದು. ತನ್ನ ಸೂಜಿಯಂತೂ ಅವಳ ಕೈಯಲ್ಲಿದೆ. ಉಳಿದ ಏಳು ಜನಕ್ಕೆ ಅವಳೇ ಏನಾದರೊಂದು ಉಪಾಯ ಹುಡುಕುತ್ತಾಳೆ.

ದೀಪ ಹಚ್ಚುವ ಹೊತ್ತಿಗೆ ಕಮಲ ಬಂದಳು. ಗೇಟಿನಲ್ಲೇ ಶಿವಮಲ್ಲಪ್ಪ ಅವಳಿಗೆ ಎಲ್ಲವನ್ನೂ ವರ್ಣಿಸಿಯಾಗಿತ್ತು. ಚೀಲವನ್ನು ಕೆಳಗಿಟ್ಟು, ಅವನ ಎದುರಿಗೆ ಮಣೆಯ ಮೇಲೆ ಕೂತು, ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಕಣ್ಣು ಒದ್ದೆಯಾಗಿತ್ತು.

"ನಿಮಗೆ ಹೆದರಿಕೆ ಆಗುತ್ತೆ ಅಂತ ಇಷ್ಟು ದಿನ ಹೇಳ್ಲಿಲ್ಲ ರೀ," ಎಂದಳು. "ಒಂದು ದಿನಾನೂ ನಾನು ಕಣ್ಣು ಬಿಟ್ಕೊಂಡು ಚುಚ್ಚಿಲ್ಲ. ಚುಚ್ಚಿದ ಮೇಲೆ ಅಡಿಗೆಮನೇಲಿ ಕೂತು ಅತ್ತು ಬರ್ತಿದ್ದೆ. ಈಗ ನಿಮಗೇ ಬಂತಲ್ಲ. ಇನ್ನು ನನ್ನ ಕೈಲಿ ಮಾಡಿಸ್ಬೇಡಿ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಎದ್ದು, ಮುಖ ತೊಳೆದು, ಅವರೆಕಾಯಿ ಸುಲಿಯಲು ಕೂತಿದ್ದಳು. ಸುಲಿಯುತ್ತ ಏನೋ ಗುನುಗುತ್ತಿದ್ದಳು. ಎಂಟು ತಿಂಗಳಿಂದ ಆ ಮನೆಯಲ್ಲಿ ಯಾರೂ ಗುನುಗಿರಲಿಲ್ಲವೆಂಬುದು ಅವನಿಗೆ ಆಗಲೇ ಗಮನಕ್ಕೆ ಬಂದದ್ದು.

ಅಂದು ಬೆಳಿಗ್ಗೆ ತನಗೂ ಸೂಜಿ ಹಾಕಿದವಳು ಬೆಟ್ಟಮ್ಮ ಎಂದು ಕೃಷ್ಣಸ್ವಾಮಿ ಕಮಲಳಿಗೆ ಹೇಳಲೇ ಇಲ್ಲ.