ಹಂಡೆ ತುಂಬಿದ ಭಜ್ಜಿ

“ಈ ಸಲದ ಭಜ್ಜಿ ನನ್ನ ಕೈಯಾಗಿಂದು” ಎಂದು ಸಾರಿ ದೌಲತರಾಯರು ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಗೆ ದಂಡೆತ್ತಿ ಹೋದರು. ಹೋದ ವರ್ಷ ಹೆಂಡತಿ ಶಿವಕಾಂತಾ ಕಾಳು, ಸೊಪ್ಪು ಬೇಯಿಸಿ ಮಾಡಿದ ಭಜ್ಜಿಯನ್ನು ಅವಳ ತಾಯಿಯ ಎದುರಿಗೇ ನೀರು ನೀರು ಎಂದು ಹೀಯಾಳಿಸಿದ್ದರು. ಆ ಅತ್ತೆ ಹೀರಾಬಾಯಿ ಯಡ್ರಾಮಿಯಿಂದ ಈ ವರ್ಷವೂ ಬಂದಿದ್ದರು. ಆಕೆ ಎರಡನೆಯ ಸಲ ಬಡಿಸಿಕೊಳ್ಳದಿದ್ದರೆ ಹೆಂಡತಿಯ ಅಡುಗೆಗೆ ಈ ಜನ್ಮದಲ್ಲಿ ಹೆಸರಿಡುವುದಿಲ್ಲ ಎಂದು ರಾಯರ ಆಣೆ.

ಹಸಿ ಕಡಲೆ, ತೊಗರಿ, ಅವರೆ, ಬದನೆ, ಮೆಂತ್ಯೆ, ಪುಂಡಿಸೊಪ್ಪು ಎಲ್ಲ ಬೋಗುಣಿಯಲ್ಲಿ ಬೆಂದು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಬಿದ್ದು ಓಣಿಯೇ ಘಮಘಮಿಸಿತು. ಕೊನೆಗೆ ಕಡಲೆಹಿಟ್ಟು ಕದಡಿ ಸುರಿದರು. ಶಿವಕಾಂತಾ ನೈವೇದ್ಯಕ್ಕೆಂದು ಒಂದು ಗಡಿಗೆ ತುಂಬಿ ಮುಚ್ಚಿಟ್ಟಳು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಎಲ್ಲ ಕಣ್ಣಳತೆ.

ರಾಯರು ಸೌಟು ಎತ್ತಿದರು. ಭಜ್ಜಿ ಜರ್ರನೆ ಇಳಿಯಿತು. ಇದೂ ನೀರು ನೀರು!

“ಇಳಿಸಿ ಸುಮ್ಮ ಕೂಡ್ರಿ” ಎಂದಳು ಶಿವಕಾಂತಾ.

“ಕೂತ್ರ ಅಡಗಿ ಆಗ್ತದೇನು?”

ಮತ್ತೆ ಹಿಟ್ಟು ಬಿತ್ತು. ಗೋಡೆ ಕಟ್ಟುವಷ್ಟು ಗಟ್ಟಿಯಾಯಿತು. ನೀರು ಸುರಿದರು, ತೆಳುವಾಯಿತು. ಹಿಟ್ಟು, ನೀರು, ಹಿಟ್ಟು! ಉಪ್ಪು ಖಾರವೂ ಬೆನ್ನಿಗೇ ಬಿದ್ದವು. ಬೋಗುಣಿ ಉಕ್ಕಿದಾಗ ರಾಯರು ಪಕ್ಕದ ಮನೆಗೆ ಓಡಿದರು. ಹಮೀದಾಬೇಗಂ ಮದುವೆಗೆ ಅನ್ನ ಮಾಡುವ ಹಂಡೆಯನ್ನೇ ಕೊಟ್ಟರು.

“ಎಷ್ಟ್ ಮಂದಿಗೆ ಊಟ ಹೇಳೀರಿ ರಾಯರ?”

“ಇನ್ನ ಹೇಳಬೇಕ್ರಿ. ನೀವಂತೂ ಮನಿಮಂದೆಲ್ಲ ಬಂದೇ ಬರ್ರಿ.”

ಹಬ್ಬದ ಪೂಜೆ, ಊಟ ಎರಡೂ ಹೊಲದಲ್ಲಿ. ಹಂಡೆ, ಗಡಿಗೆ ಬಂಡಿ ಏರಿದವು. ದಾರಿಯುದ್ದಕ್ಕೂ ರಾಯರು ಕಂಡಕಂಡವರನ್ನು ಕರೆದರು. ಪಾಪ, ಆ ದಿನ ಎಲ್ಲರ ಬುಟ್ಟಿಯಲ್ಲೂ ಭಜ್ಜಿಯೇ! ಆದರೂ ಕರೆದರಲ್ಲ ಎಂದು ಅರ್ಧ ಊರು ಹೊಲಕ್ಕೆ ಬಂತು. ನೈವೇದ್ಯ ಮುಗಿದ ಮೇಲೆ ರಾಯರು ಭೂತಾಯಿಯ ಪಾಲಾದ ಚರಗವನ್ನು ಹೊಲದ ಸುತ್ತ ಬಕೆಟ್ಟಿನಲ್ಲೇ ಚೆಲ್ಲಿದರೂ ಹಂಡೆ ಮಾತ್ರ ತಗ್ಗಲಿಲ್ಲ.

ಊಟಕ್ಕೆ ಕೂತಾಗ ಶಿವಕಾಂತಾ ತಾಯಿಗೆ ಗಡಿಗೆಯ ಪ್ರಸಾದ ಹಾಕಿದಳು, ರಾಯರು ಹಂಡೆಯದು ಬಡಿಸಿದರು. ಹೀರಾಬಾಯಿ ಸಜ್ಜೆರೊಟ್ಟಿ ಮುರಿದು ಎರಡಕ್ಕೂ ಹಚ್ಚಿ ತಿಂದರು. ರಾಯರು ಸೌಟು ಹಿಡಿದೇ ನಿಂತರು.

“ಇನ್ನೊಂದಿಷ್ಟು ಹಾಕ್ರಿ” ಎಂದರು ಅತ್ತೆ.

ರಾಯರ ಎದೆ ಉಬ್ಬಿತು. ಹಂಡೆಗೆ ಸೌಟು ಹಾಕಿದರು.

“ಅದಲ್ರಿ. ಗಡಿಗ್ಯಾಂದು.”

ರಾಯರ ಮುಖ ಬಾಡಿತು. “ಗಡಿಗ್ಯಾಂದು ನೀ ಬ್ಯಾರೆ ಮಾಡಿದ್ದೇನು?” ಎಂದು ಹೆಂಡತಿಯನ್ನು ಕೇಳಿದರು.

“ನಿಮ್ಮದೇ ರೀ. ಮೊದಲ ಮಾಡಿದ್ದು. ಆರಿದ ಮ್ಯಾಲೆ ತಾನೇ ಗಟ್ಟಿ ಆಗ್ಯದ.”

ಹೀರಾಬಾಯಿ ಬೆರಳು ನೆಕ್ಕಿಕೊಂಡರು. “ಅಳಿಯಾರಿಗೆ ಅಡಗಿ ಛಲೋ ಬರ್ತದ. ಸುಮ್ಮ ಕೂಡೂದೊಂದೇ ಬರಂಗಿಲ್ಲ.”